1996ರ ಡೆಕ್ ಪಟ್ಟಿ ತಪ್ಪಲ್ಲ, ತಿದ್ದಬೇಡಿ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಿನ ಆಟ ಆಡುವವರ ನಡುವೆ ಒಂದು ಮಾತು ಓಡಾಡುತ್ತಿದೆ. 1996ರ ವಿಶ್ವ ಚಾಂಪಿಯನ್ ಟಾಮ್ ಚಾನ್‌ಫೆಂಗ್ ಅವರ ಡೆಕ್ ಪಟ್ಟಿಯನ್ನು (ಅವರು ಆಡಿದ ಕಾರ್ಡುಗಳ ಪಟ್ಟಿ) ಯಾರೋ ತಪ್ಪಾಗಿ ನಕಲು ಮಾಡಿದ್ದಾರೆ, ಸರಿಪಡಿಸಿ ಇಡಬೇಕು ಅಂತ. ದಯವಿಟ್ಟು ಹಾಗೆ ಮಾಡಬೇಡಿ.

ಅನುಮಾನ ಬರುವುದು ಸಹಜವೇ. ಪಟ್ಟಿಯಲ್ಲಿ 'ಸ್ಲೈಟ್ ಆಫ್ ಮೈಂಡ್' ಇದೆ. ಅದು ಕಾರ್ಡಿನ ಮೇಲಿರುವ ಬಣ್ಣದ ಹೆಸರನ್ನೇ ಬದಲಿಸುವ ನೀಲಿ ಕಾರ್ಡು, ಆಡಬೇಕಾದರೆ ಒಂದು ನೀಲಿ ಮನಾ, ಅಂದರೆ ಕಾರ್ಡು ಆಡಲು ಖರ್ಚು ಮಾಡುವ ಶಕ್ತಿ, ಬೇಕು. ಆದರೆ ಇಡೀ ಡೆಕ್‌ನಲ್ಲಿ ನೀಲಿ ಮನಾ ಕೊಡುವ ಒಂದು ಲ್ಯಾಂಡ್ ಕಾರ್ಡೂ (ಮನಾ ಕೊಡುವ ಕಾರ್ಡು) ಇಲ್ಲ! ನೋಡಿದವರಿಗೆ ಬರೆದವರ ಕೈತಪ್ಪು ಅನಿಸುತ್ತದೆ, ಅಲ್ವಾ?

ತಪ್ಪಾಗಿದ್ದು ನಿಜ, ಆದರೆ ನಕಲು ಮಾಡುವಾಗ ಅಲ್ಲ, ಸಿಯಾಟಲ್‌ನಲ್ಲಿ, ಪಂದ್ಯಾವಳಿಗೆ ಮುಂಚೆಯೇ. ಬಿಳಿ, ನೀಲಿ ಎರಡೂ ಕೊಡುವ 'ಅಡಾರ್ಕರ್ ವೇಸ್ಟ್ಸ್' ಲ್ಯಾಂಡನ್ನು ಪಟ್ಟಿಯಲ್ಲಿ ಬರೆಯುವುದನ್ನೇ ಚಾನ್‌ಫೆಂಗ್ ಮರೆತರು. ಬರೆದುಕೊಟ್ಟ ಪಟ್ಟಿಯಂತೆಯೇ ಆಡಬೇಕು, ಅದು ನಿಯಮ. ಹಾಗಾಗಿ ಅವುಗಳ ಜಾಗದಲ್ಲಿ ಬರೀ ಬಿಳಿ ಕೊಡುವ 'ಪ್ಲೇನ್ಸ್' ಬಂತು. ಸ್ಲೈಟ್ ಕೈಗೆ ಬಂದರೂ ಸುಮ್ನೆ ಹಿಡಿದುಕೊಂಡು ಕೂರಬೇಕಿತ್ತು. ಅಂಥ ಡೆಕ್ ಹಿಡಿದೇ ಫೈನಲ್‌ನಲ್ಲಿ ಮಾರ್ಕ್ ಜಸ್ಟಿಸ್ ಅವರನ್ನು ಸೋಲಿಸಿ ಗೆದ್ದರು. ನನಗೆ ಈ ಗೆಲುವು ಜಾಸ್ತಿ ಇಷ್ಟವಾಗುವುದು ಅದಕ್ಕೇ.

ಈಗ ನಾವು ಪ್ಲೇನ್ಸ್ ತೆಗೆದು ವೇಸ್ಟ್ಸ್ ಸೇರಿಸಿದರೆ ಪಟ್ಟಿ ಚೆನ್ನಾಗಿ ಕಾಣಬಹುದು, ಆದರೆ ಆ ಡೆಕ್ ಅನ್ನು ಆ ದಿನ ಯಾರೂ ಆಡಿಯೇ ಇಲ್ಲ. ಈಗಾಗಲೇ ತಿದ್ದಿ ಇಟ್ಟುಕೊಂಡವರು ಮೊದಲಿನಂತೆ ಮಾಡಿ, ಪಕ್ಕದಲ್ಲಿ ಕಾರಣ ಒಂದು ಸಾಲು ಬರೆದಿಡಿ.