‘ದಿನಾ ಕುಡೀತೀರಾ?’ ಅಂತ ಕೇಳಿದರೆ ಸಾಲದು

ಕುಡಿಯುವವರು ನಮ್ಮ ಆಸ್ಪತ್ರೆಗಳಿಗೆ ಬಂದರೆ ಎರಡರಲ್ಲಿ ಒಂದಾಗುತ್ತದೆ. ಕುಡಿತದ ಮಾತೇ ಎತ್ತದೆ ಬಿಪಿ ಮಾತ್ರೆ ಕೊಟ್ಟು ಕಳಿಸುತ್ತೇವೆ. ಇಲ್ಲಾ, ಹೆಂಡತಿ ಮಕ್ಕಳ ಎದುರಿಗೇ ಬೈದು ಕಳಿಸುತ್ತೇವೆ. ಎರಡನ್ನೂ ನೋಡುತ್ತಲೇ ಇರುವ ನರ್ಸ್ ನಾನು.

ನಮಗೂ ಇದರ ಬಗ್ಗೆ ತರಬೇತಿ ಆಗಿದೆ. ಪಿಪಿಟಿಯಲ್ಲಿ ಕೆಟ್ಟುಹೋದ ಲಿವರ್ ತೋರಿಸಿದರು, ಊಟ ಹಾಕಿಸಿದರು, ಸಹಿ ಮಾಡಿಸಿಕೊಂಡರು. ಲಿವರ್ ಕೆಡುತ್ತದೆ ಅನ್ನುವುದು ನಮಗೆ ಗೊತ್ತಿಲ್ವಾ? ಗೊತ್ತಿಲ್ಲದ್ದು, ಎದುರಿಗೆ ಕೂತವರ ಹತ್ತಿರ ಮಾತು ಶುರು ಮಾಡುವುದು ಹೇಗೆ ಅನ್ನುವುದು. ಅದನ್ನು ಯಾರೂ ಬಾಯಿಬಿಟ್ಟು ಹೇಳಿಸಿ ಅಭ್ಯಾಸ ಮಾಡಿಸಲಿಲ್ಲ.

ಬಿಪಿ, ಶುಗರ್‌ನಂಥ ಕಾಯಿಲೆಯ ಅಪಾಯ ಯಾರಿಗಿದೆ ಅಂತ ತಿಳಿಯಲು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ಸಿಬ್ಯಾಕ್ ಫಾರಂ ನೋಡಿ. ಅಂಕ ಕೊಡುವ ಭಾಗದಲ್ಲಿ ಮದ್ಯಕ್ಕೆ ಇರುವುದು ಒಂದೇ ಪ್ರಶ್ನೆ: ದಿನಾ ಕುಡಿಯುತ್ತೀರಾ? ಹೌದು ಅಂದರೆ 1, ಇಲ್ಲ ಅಂದರೆ 0. ಶನಿವಾರ ಬಟವಾಡೆ ಆದಮೇಲೆ ಒಂದು ಕ್ವಾರ್ಟರ್ ಮುಗಿಸುವವನಿಗೆ ಇಲ್ಲಿ ಸೊನ್ನೆ! ಆದರೆ ಒಂದು ಕ್ವಾರ್ಟರ್, ಅಂದರೆ 180 ಎಂಎಲ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ಒಂದೇ ಸಲಕ್ಕೆ 60 ಗ್ರಾಂ ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಿಪರೀತ ಕುಡಿತ. ಕುಡಿತ ಎಷ್ಟು ಅಪಾಯದ್ದು ಅಂತ ಅಳೆಯಲು ಅದೇ ಸಂಸ್ಥೆ ಮಾಡಿದ ಆಡಿಟ್ (AUDIT) ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆಗಳಿವೆ. ಮೊದಲ ಮೂರನ್ನಾದರೂ ಕೇಳಬಹುದು: ಎಷ್ಟು ದಿನಕ್ಕೊಮ್ಮೆ, ಕುಡಿದ ದಿನ ಎಷ್ಟು, ತುಂಬಾ ಜಾಸ್ತಿ ಆಗುವುದು ಎಷ್ಟು ಸಲ.

ಕೇಳುವ ರೀತಿಯೂ ಮುಖ್ಯ. ಬಿಪಿ ಪಟ್ಟಿ ಬಿಚ್ಚುತ್ತಾ ನಾನು ಕೇಳುವುದು ಹೀಗೆ:

‘ಯಜಮಾನ್ರೇ, ಬಿಪಿ ಇರುವವರನ್ನೆಲ್ಲ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಡ್ರಿಂಕ್ಸ್ ತಗೊಳ್ತೀರಾ?’

‘ಯಾವಾಗಾದ್ರೊಮ್ಮೆ ಸಿಸ್ಟರ್.’

‘ಹೋದ ವಾರ?’

‘ಸಂತೆ ದಿನ. ಒಂದು ಕ್ವಾಟ್ರು.’

‘ಆ ಕ್ವಾಟ್ರಿಗೂ ನಿಮ್ಮ ಬಿಪಿಗೂ ಸಂಬಂಧ ಇದೆ. ಹೇಳಲಾ?’

‘ಹೇಳಿ.’

ಈ ‘ಹೇಳಿ’ ಬರುವ ತನಕ ಬಾಯಿ ಮುಚ್ಚಿಕೊಂಡಿರುವುದೇ ಕಷ್ಟದ ಕೆಲಸ. ಆಮೇಲೆ ಎರಡು ಮಾತಲ್ಲಿ ವಿಷಯ ಹೇಳಿ, ‘ನಿಮಗೇನನ್ನಿಸುತ್ತೆ?’ ಅಂತ ಅವರನ್ನೇ ಕೇಳಬೇಕು. ‘ನೈಂಟಿಗೆ (ಅರ್ಧ ಕ್ವಾರ್ಟರ್‌ಗೆ) ನಿಲ್ಲಿಸ್ತೀನಿ’ ಅಂತ ಅವರೇ ಅಂದರೆ, ಮುಂದಿನ ತಿಂಗಳು ಮಾತ್ರೆಗೆ ಬಂದಾಗ ಅದನ್ನು ಮರೆಯದೆ ವಿಚಾರಿಸಬೇಕು. ಬಿಟ್ಟರೆ ಇನ್ನೂ ಒಳ್ಳೆಯದು, ಆದರೆ ಪೂರ್ತಿ ಬಿಡು ಅಂತ ಮೊದಲ ದಿನವೇ ಹಟ ಹಿಡಿದರೆ ಮುಂದಿನ ತಿಂಗಳು ಅವರು ಬೇರೆ ಕಡೆ ಮಾತ್ರೆ ತಗೊಳ್ತಾರೆ, ಅಷ್ಟೆ.

ಮಾತಿನಿಂದ ಏನಾಗುತ್ತೆ ಅನ್ನುವವರಿಗೆ ಗೋವಾದ ಉದಾಹರಣೆ ಇದೆ. ಅಲ್ಲಿ ಸಂಗಾತ್ ಸಂಸ್ಥೆಯವರು ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಟರೂ ಅಲ್ಲದ, ನರ್ಸೂ ಅಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಕುಡಿಯುವ ಗಂಡಸರ ಜೊತೆ ಹೆಚ್ಚೆಂದರೆ ನಾಲ್ಕು ಸಲ ಮಾತಾಡಿಸಿದರು. 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮೂರು ತಿಂಗಳಿಗೆ ಹಾನಿಕರ ಮಟ್ಟದಿಂದ ಕೆಳಗಿಳಿದವರು ಮಾಮೂಲಿ ಚಿಕಿತ್ಸೆಯಲ್ಲಿ 26%, ಮಾತಾಡಿಸಿದವರಲ್ಲಿ 36%. ಪವಾಡ ಏನಲ್ಲ. ಆದರೂ ನೂರಕ್ಕೆ ಹತ್ತು ಮನೆ ಅಂದರೆ ಕಡಿಮೆಯಾ? ಇಂಗ್ಲೆಂಡಿನಲ್ಲಿ 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮಾತ್ರ, ಕುಡಿತದ ಪ್ರಶ್ನೆಗಳಲ್ಲಿ ಬಂದ ಸ್ಕೋರ್ ಹೇಳಿ ಕರಪತ್ರ ಕೊಟ್ಟಿದ್ದಕ್ಕೂ 20 ನಿಮಿಷ ಮಾತಾಡಿದ್ದಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. ಅದನ್ನು ನೋಡಿದರೆ ಕೇಳುವುದು, ಕೇಳಿದ್ದರ ಅರ್ಥ ತಿಳಿಸುವುದೇ ಅರ್ಧ ಕೆಲಸ ಅಂತ ನನಗನ್ನಿಸುತ್ತದೆ. ಬರೀ 5 ನಿಮಿಷ ಇರುವ ಓಪಿಡಿಯಲ್ಲಿ ಅದನ್ನಾದರೂ ಮಾಡಬಹುದು ಅಲ್ವಾ?

ಒಂದು ಎಚ್ಚರಿಕೆಯನ್ನಂತೂ ತರಬೇತಿಯಲ್ಲಿ ತಲೆಗೆ ಹೋಗುವ ಹಾಗೆ ಹೇಳಲೇಬೇಕು. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತೆ, ಒಂದು ಗುಟುಕು ಬಿದ್ದರೆ ಸರಿಹೋಗುತ್ತೆ ಅನ್ನುವವರಿಗೆ ‘ಇವತ್ತಿಂದಲೇ ಬಿಟ್ಟುಬಿಡಿ’ ಅನ್ನಬಾರದು. ಚಟ ಹತ್ತಿದ ದೇಹಕ್ಕೆ ಏಕಾಏಕಿ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಿಸಬಹುದು, ಜೀವವೇ ಹೋಗಬಹುದು. ಅವರಿಗೆ ಮಾತು ಸಾಲದು, ಔಷಧಿ ಬೇಕು. ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೋ ಕಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಇದನ್ನೂ ಆಶಾ ಅಕ್ಕಂದಿರ ತಲೆಗೇ ಕಟ್ಟಬೇಡಿ. ಅದೇ ಬೀದಿಯಲ್ಲಿ ಬಾಳುವವರು ಅವರು. ಪಕ್ಕದ ಮನೆಯ ಗಂಡಸನ್ನು ಜಗಲಿ ಮೇಲೆ ನಿಲ್ಲಿಸಿ, ಅತ್ತೆ ಸೊಸೆ ಎಲ್ಲ ಕೇಳಿಸಿಕೊಳ್ಳುವಾಗ, ‘ಎಷ್ಟು ಕುಡೀತೀರಿ’ ಅಂತ ಹೇಗೆ ಕೇಳುತ್ತಾರೆ? ಕೇಳಿದರೂ ನಿಜ ಯಾರು ಹೇಳುತ್ತಾರೆ? ಕ್ಲಿನಿಕ್‌ನಲ್ಲಿ ಬಾಗಿಲು ಮುಚ್ಚುವ ಒಂದು ಕೋಣೆ, ಅಲ್ಲಿ ಕೂತು ಕೇಳಲು ಕಲಿತ ಒಬ್ಬ ನರ್ಸ್ ಅಥವಾ ಸಿಎಚ್‌ಓ (ಸಮುದಾಯ ಆರೋಗ್ಯ ಅಧಿಕಾರಿ) ಇರಲಿ. ತರಬೇತಿಯ ಅರ್ಧ ದಿನ ಇಬ್ಬಿಬ್ಬರನ್ನು ಕೂರಿಸಿ ಬರೀ ಇದನ್ನೇ ಮಾತಾಡಿಸಿ. ಎರಡು ತಿಂಗಳು ಬಿಟ್ಟು ಯಾರಾದರೂ ಬಂದು, ನಾವು ರೋಗಿಯ ಹತ್ತಿರ ಮಾತಾಡುವುದನ್ನು ಪಕ್ಕದಲ್ಲಿ ಕೂತು ಕೇಳಲಿ, ತಪ್ಪಿದ್ದರೆ ತಿದ್ದಲಿ. ಸಹಿ ಆಮೇಲೆ ಮಾಡಿಸಿಕೊಳ್ಳಿ.