ನಮ್ಮ ದೇವರ ಗೂಡಲ್ಲಿ ಈ ಪಟ ಯಾಕಿಲ್ಲ?

ನಮ್ಮ ಕಡೆ ಕ್ರೈಸ್ತರ ಮನೆಗೆ ಹೋದ್ರೆ ಗೋಡೆ ಮೇಲೆ ಯಾವ್ಯಾವ ಪಟ ಇರುತ್ತೆ ಅಂತ ಒಳಗೆ ಕಾಲಿಡೋ ಮುಂಚೇನೇ ಹೇಳಿಬಿಡಬಹುದು. ಯೇಸುವಿನ ಪವಿತ್ರ ಹೃದಯದ ಪಟ, ಅದರ ಕೆಳಗೊಂದು ಕೆಂಪು ಬಲ್ಬು, ಪಕ್ಕದಲ್ಲಿ ವೇಳಾಂಗಣಿ ಮಾತೆ, ಡೋರ್ನಹಳ್ಳಿಗೆ ಹರಕೆ ಹೊತ್ತು ಹೋಗಿ ಬಂದೋರಾದ್ರೆ ಸಂತ ಅಂತೋಣಿಯವರು, ಬೆಂಗಳೂರಲ್ಲಿದ್ದು ವಿವೇಕನಗರಕ್ಕೆ ಹೋಗೋ ಅಭ್ಯಾಸ ಇದ್ರೆ ಬಾಲಯೇಸು. ಆದ್ರೆ ಯೇಸುಸ್ವಾಮಿ ಜೋರ್ಡಾನ್ ನದೀಲಿ ನಿಂತು ಸ್ನಾನಿಕ ಅರುಳಪ್ಪನವರ (ಯೋಹಾನ ಅಂತಾರಲ್ಲ, ಅವರು) ಕೈಲಿ ಜ್ಞಾನಸ್ನಾನ, ಅಂದ್ರೆ ಬ್ಯಾಪ್ಟಿಸಮ್, ತಗೊಳ್ತಿರೋ ಪಟ? ನಾನಂತೂ ಯಾರ ಮನೆಯ ದೇವರ ಗೂಡಲ್ಲೂ ನೋಡಿಲ್ಲ. ಗುಡಿಯಲ್ಲಿ, ಅಂದ್ರೆ ನಮ್ಮ ಚರ್ಚಲ್ಲಿ, ಮಕ್ಕಳಿಗೆ ಜ್ಞಾನಸ್ನಾನ ಕೊಡೋ ತೊಟ್ಟಿ ಹತ್ರ ಎಲ್ಲಾದ್ರೂ ಇದ್ದೀತು, ಅದನ್ನ ನೋಡಿಕೊಂಡು ಜಪ ಮಾಡೋರು ಯಾರೂ ಇಲ್ಲ, ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಳ್ತಾರೆ ಅಷ್ಟೇ.

ಯಾಕೆ ಅಂತ ನನಗೆ ಅನ್ಸೋದು ಇಷ್ಟು. ನಮ್ಮ ಮನೆಯ ಪಟಗಳೆಲ್ಲಾ ನಮ್ಮ ಕಡೆ ತಿರುಗಿ ನಿಂತಿರ್ತವೆ, ಕೈ ಎತ್ತಿ ಆಶೀರ್ವಾದ ಮಾಡ್ತಿರ್ತವೆ, ಏನಾದ್ರೂ ಕೊಡೋಕೆ ರೆಡಿಯಾಗಿ ಇರ್ತವೆ. ನಾವು ಕೇಳೋ ಜನ, ಅವರು ಕೊಡೋರು. ಈ ಚಿತ್ರದಲ್ಲಿ ಕೊಡೋ ಕೈ ಯೇಸುವಿಂದಲ್ಲ, ಅರುಳಪ್ಪನವರದ್ದು. ಯೇಸು ತಲೆ ತಗ್ಗಿಸಿ ನಿಂತಿದ್ದಾರೆ. ಅದೂ ಪಾಪ ಮಾಡಿದ ಜನ ಒಬ್ಬೊಬ್ಬರಾಗಿ ನೀರಿಗಿಳೀತಿದ್ದ ಜಾಗದಲ್ಲಿ, ರೇಷನ್ ಅಂಗಡಿ ಕ್ಯೂನಲ್ಲಿ ನಿಂತ ಹಾಗೆ ಅವರ ಜೊತೇಲೇ ತಾವೂ ಒಬ್ಬರಾಗಿ. ಬೈಬಲ್ಲಿನ ಮತ್ತಾಯನ ಶುಭಸಂದೇಶದಲ್ಲಿ ಅರುಳಪ್ಪನವರಿಗೇ ಮುಜುಗರ ಆಗುತ್ತೆ, ನಾನು ನಿಮ್ಮಿಂದ ಸ್ನಾನ ಪಡೀಬೇಕಾದೋನು, ನೀವು ನನ್ನ ಹತ್ರ ಬರೋದಾ ಅಂತಾರೆ. ಇಂಥ ದೇವರ ಮುಂದೆ ಮಗಳ ಮದುವೆ, ಮಗನ ವೀಸಾ, ಸೈಟಿನ ಕೋರ್ಟ್ ಕೇಸು ಅಂತ ಲಿಸ್ಟ್ ಹಿಡ್ಕೊಂಡು ನಿಲ್ಲೋದು ಹೇಗೆ?

ನಾನು ಲಂಡನ್ನಿಗೆ ಬಂದು ಸುಮಾರು ವರ್ಷ ಆಯ್ತು. ಊರು ಕನಕಪುರದ ಕಡೆ. ಇಲ್ಲಿಯ ಜನ ಈ ಚಿತ್ರದ ಮುಂದೆ ಪ್ರಾರ್ಥನೆ ಮಾಡೋ ರೀತಿ, ನಮ್ಮ ರೀತಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಾ ಇರ್ತೀನಿ, ಎರಡ್ರಲ್ಲೂ ಒಂದೊಂದು ಕಡೆ ಖಾಲಿ ಇದೆ ಅಂತ ನನ್ನ ಅಭಿಪ್ರಾಯ.

ಮೊದಲು ಇಲ್ಲೀದು ಹೇಳ್ತೀನಿ. ಟ್ರಫಾಲ್ಗರ್ ಸ್ಕ್ವೇರಿನ ನ್ಯಾಷನಲ್ ಗ್ಯಾಲರಿಯಲ್ಲಿ ಪಿಯೆರೊ ಡೆಲ್ಲಾ ಫ್ರಾನ್ಸೆಸ್ಕಾ ಅನ್ನೋ ಇಟಲಿಯ ಚಿತ್ರಕಾರ 15ನೇ ಶತಮಾನದಲ್ಲಿ ಬರೆದ ಯೇಸುವಿನ ಜ್ಞಾನಸ್ನಾನದ ಚಿತ್ರ ಇದೆ. ಟಿಕೆಟ್ ಇಲ್ಲ, ಯಾರು ಬೇಕಾದ್ರೂ ಹೋಗಿ ನೋಡಬಹುದು. ಮರದ ಹಲಗೆ ಮೇಲೆ ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲೆಸಿ ಬರೆದಿದ್ದು, ಒಬ್ಬ ಮನುಷ್ಯನ ಎತ್ತರ ಇರಬಹುದು ಅಷ್ಟೇ. ಮಧ್ಯದಲ್ಲಿ ಯೇಸು ಕೈ ಜೋಡಿಸಿ ನೇರವಾಗಿ ನಿಂತಿದ್ದಾರೆ, ತಲೆ ಮೇಲೆ ಅರುಳಪ್ಪನವರ ಬಟ್ಟಲು, ಅದರ ಮೇಲೆ ಪವಿತ್ರಾತ್ಮರ ಗುರುತಾದ ಪಾರಿವಾಳ. ಆ ಪಾರಿವಾಳ ಮೊದಲ ನೋಟಕ್ಕೆ ಸಿಗೋದೇ ಇಲ್ಲ, ಯಾಕಂದ್ರೆ ಆಕಾಶದಲ್ಲಿರೋ ಮೋಡಗಳದ್ದೇ ಆಕಾರ ಅದಕ್ಕೂ ಇದೆ, ಇನ್ನೊಂದು ಮೋಡ ಅಂದ್ಕೊಂಡು ದಾಟಿ ಹೋಗಿಬಿಡ್ತೀವಿ. ಎಡಗಡೆ ಮರದ ಪಕ್ಕ ಮೂರು ಜನ ದೇವದೂತರು. ನನಗೆ ತುಂಬಾ ಇಷ್ಟ ಆಗೋದು ಹಿಂದುಗಡೆ ಇರೋ ಒಬ್ಬ ಮನುಷ್ಯ, ಮುಂದಿನ ಸರದಿ ಅವನದ್ದು, ಬಟ್ಟೆ ಬಿಚ್ತಿದ್ದಾನೆ, ಅಂಗಿ ತಲೆಯಲ್ಲಿ ಸಿಕ್ಕಿಹಾಕ್ಕೊಂಡಿದೆ, ಮುಖಾನೇ ಕಾಣಲ್ಲ. ಆಕಾಶ ತೆರೆದು ಪವಿತ್ರಾತ್ಮರು ಇಳಿದು ಬರ್ತಿರೋ ಹೊತ್ತಲ್ಲಿ ಈ ಪುಣ್ಯಾತ್ಮನಿಗೆ ಏನೂ ಕಾಣ್ತಿಲ್ಲ! ಭಾನುವಾರದ ಪೂಜೆಯಲ್ಲಿ ಎಷ್ಟೋ ಸಲ ನಾನು ಇದೇ ಅವಸ್ಥೇಲಿ ಇರ್ತೀನಿ.

ಇಲ್ಲಿ ಕೆಲವು ಚರ್ಚ್‌ಗಳಲ್ಲಿ ಪ್ರಾರ್ಥನೆ ಗುಂಪುಗಳಿದಾವೆ, ಇಂಥ ಒಂದು ಚಿತ್ರಾನ ಪರದೆ ಮೇಲೆ ಹಾಕ್ತಾರೆ ಇಲ್ಲಾ ಕೈಗೊಂದು ಪ್ರಿಂಟ್ ಕೊಡ್ತಾರೆ, ಶುಭಸಂದೇಶ ಓದ್ತಾರೆ, ಆಮೇಲೆ ಇಪ್ಪತ್ತು ನಿಮಿಷ ಯಾರೂ ಉಸಿರೆತ್ತಲ್ಲ, ಬರೀ ನೋಡೋದು. ಕಣ್ಣು ಮೊದಲು ಎಲ್ಲಿಗೆ ಹೋಯ್ತು, ಎಲ್ಲಿಗೆ ಹೋಗೋಕೆ ಮನಸ್ಸು ಒಪ್ಪಲಿಲ್ಲ, ಈ ಚಿತ್ರದಲ್ಲಿ ನಾನು ಎಲ್ಲಿ ನಿಂತಿದ್ದೀನಿ ಅಂತ ತಮ್ಮನ್ನ ತಾವೇ ಕೇಳ್ಕೊಳ್ತಾ ಕೂತಿರ್ತಾರೆ. ಇದರ ಬೇರು ಹಳೇದು, ಯೇಸುಸಭೆ (ಜೆಸ್ವಿಟ್) ಕಟ್ಟಿದ ಸಂತ ಇಗ್ನೇಷಿಯಸ್ ಲೊಯೊಲಾ ಅವರು 16ನೇ ಶತಮಾನದಲ್ಲೇ ತಮ್ಮ ಧ್ಯಾನದ ಕ್ರಮದಲ್ಲಿ ಯೇಸು ನಜರೇತ್ ಬಿಟ್ಟು ಜೋರ್ಡಾನಿಗೆ ಹೋಗಿ ಸ್ನಾನ ಪಡೆಯೋದನ್ನ ಒಂದು ಇಡೀ ದಿನದ ಧ್ಯಾನವಾಗಿ ಇಟ್ಟಿದ್ರು, ಜಾಗಾನ ಮನಸ್ಸಲ್ಲಿ ಕಟ್ಟಿಕೋ, ಜನರನ್ನ ನೋಡು, ಅವರೇನು ಮಾತಾಡ್ತಾರೆ ಕೇಳಿಸ್ಕೋ ಅಂತ. ಕಣ್ಣ ಮುಂದೆ ಚಿತ್ರ ಇದ್ರೆ ಆ ಕೆಲಸ ಅರ್ಧ ಹಗುರ.

ಹೀಗೆ ನಿಧಾನಕ್ಕೆ ನೋಡೋದು ನಮಗೆ ಬರಲ್ಲ ಅನ್ನೋದು ನನ್ನ ದೂರು. ನಮ್ಮಲ್ಲಿ ಪಟಕ್ಕೆ ಹೂ ಹಾಕ್ತೀವಿ, ಕ್ಯಾಂಡಲ್ ಹಚ್ತೀವಿ, ಮುಟ್ಟಿ ಕಣ್ಣಿಗೊತ್ತಿಕೊಳ್ತೀವಿ, ಜಪಸರ (ಮಣಿ ಎಣಿಸ್ತಾ ಹೇಳೋ ರೋಸರಿ) ಶುರು ಮಾಡಿದ್ರೆ ಗಾಡಿ ಓಡಿದ್ದೇ ಓಡಿದ್ದು. ಎರಡನೇ ಜಾನ್ ಪಾಲ್ ಜಗದ್ಗುರುಗಳು (ಪೋಪ್) 2002ರಲ್ಲಿ ಜಪಸರಕ್ಕೆ ಬೆಳಕಿನ ರಹಸ್ಯಗಳು ಅಂತ ಧ್ಯಾನಿಸೋಕೆ ಯೇಸುವಿನ ಜೀವನದ ಐದು ಘಟನೆ ಸೇರಿಸಿದ್ರಲ್ಲ, ಅದರಲ್ಲಿ ಮೊದಲನೇದೇ ಯೇಸುವಿನ ಜ್ಞಾನಸ್ನಾನ, ಗುರುವಾರದ ದಿನ ಎಲ್ಲಾರೂ ಹೇಳ್ತೀವಿ, ಹತ್ತು ಮಣಿ ಹತ್ತು ಮಂಗಳವಾರ್ತೆ ಉರುಳೋ ಅಷ್ಟರಲ್ಲಿ ಜೋರ್ಡಾನ್ ನದಿ ದಾಟಿ ಎರಡನೇ ರಹಸ್ಯಕ್ಕೆ, ಕಾನಾ ಊರಿನ ಮದುವೆ ಮನೇಲಿ ಇರ್ತೀವಿ. ಆ ಹತ್ತು ಮಣಿ ಹೊತ್ತಾದ್ರೂ ಕಣ್ಣಿಗೆ ಒಂದು ಚಿತ್ರ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅನ್ಸುತ್ತೆ.

ಹಾಗಂತ ಇಲ್ಲಿಯವರದ್ದೇ ಸರಿ ಅಂತ ನಾನು ಹೇಳಲ್ಲ. ಇವರು ನೋಡ್ತಾರೆ, ನೋಡಿ ಎದ್ದು ಹೋಗ್ತಾರೆ. ಮೈ ಒಂಚೂರೂ ಅಲ್ಲಾಡಲ್ಲ. ಪಿಯೆರೊನ ಚಿತ್ರ ಮ್ಯೂಸಿಯಮ್ಮಿಗೆ ಅಂತ ಬರೆದಿದ್ದಲ್ಲ, ಪೂಜೆ ನಡೆಯೋ ಪೀಠದ ಮೇಲಿರಬೇಕಾದ ಚಿತ್ರ, ಕ್ಯಾಂಡಲ್ ಹೊಗೆ ಕುಡಿದ ಚಿತ್ರ, 1861ರಲ್ಲಿ ಗ್ಯಾಲರಿಯವರು ಕೊಂಡುಕೊಂಡ ಮೇಲೆ ಅದರ ಮುಂದೆ ಮೊಣಕಾಲೂರೋರು ಇಲ್ಲ. ನಾನೊಂದು ಸಲ ಅದರ ಮುಂದೆ ನಿಂತು ಶಿಲುಬೆ ಗುರುತು ಹಾಕ್ಕೊಂಡೆ, ಪಕ್ಕದಲ್ಲಿದ್ದೋರು ನಾನು ಹುಷಾರಾಗಿದ್ದೀನಾ ಅನ್ನೋ ಥರ ನೋಡಿದ್ರು. ಗುಂಪುಗಳಲ್ಲೂ ಕೊನೆಗೆ ನಿಮಗೆ ಏನನ್ನಿಸಿತು ಅಂತ ಒಬ್ಬೊಬ್ಬರೂ ಹೇಳ್ಬೇಕು, ಆಗ ಮಾತೆಲ್ಲಾ ನೀಲಿ ಬಣ್ಣ, ಬೆಳಕು, ನನ್ನ ಒಳಗಿನ ಪ್ರಯಾಣ ಅಂತ ಸುತ್ತಾಡ್ತಾ ಇರುತ್ತೆ, ನೀರಿಗಿಳಿದು ನಿಂತೋರ ಹೆಸರೇ ಬರಲ್ಲ ಒಂದೊಂದು ದಿನ.

ನಮ್ಮವ್ವ ಪಟ ಮುಟ್ಟಿ ಕೈಗೆ ಮುತ್ತು ಕೊಡೋದನ್ನ ಮೂಢನಂಬಿಕೆ ಅಂತ ನಗೋರಿಗೆ ಒಂದು ಮಾತು. 787ರಲ್ಲಿ ನೈಸಿಯಾ ಅನ್ನೋ ಊರಲ್ಲಿ ನಡೆದ ಕ್ರೈಸ್ತ ಧರ್ಮಾಧ್ಯಕ್ಷರ ಎರಡನೇ ಮಹಾಸಭೆಯಲ್ಲಿ ಚಿತ್ರಕ್ಕೆ ಕೊಡೋ ಗೌರವ ಚಿತ್ರದಲ್ಲಿರೋರಿಗೆ ಹೋಗಿ ಸೇರುತ್ತೆ ಅಂತ ತೀರ್ಮಾನ ಮಾಡಿ, ಧೂಪ ದೀಪ ಹಚ್ಚಿ ಗೌರವಿಸೋಕೂ ಒಪ್ಪಿಗೆ ಕೊಟ್ರು. ಅವ್ವನ ಊದುಬತ್ತಿಗೆ ಅಷ್ಟು ದೊಡ್ಡ ಸಭೆಯ ಮುದ್ರೆ ಇದೆ, ಪಾಪ ಅವಳಿಗೆ ಗೊತ್ತಿಲ್ಲ ಅಷ್ಟೇ.

ಆ ಸಭೆಯ ಮಾತನ್ನ ಇವತ್ತಿಗೂ ಪೂರ್ತಿ ಪಾಲಿಸೋರು ಅಂದ್ರೆ ಗ್ರೀಸ್, ರಷ್ಯಾ ಕಡೆಯ ಆರ್ಥೊಡಾಕ್ಸ್ ಕ್ರೈಸ್ತರು. ಲಂಡನ್ನಿನ ಬೇಯ್ಸ್‌ವಾಟರ್‌ನಲ್ಲಿ ಗ್ರೀಕರ ಸಂತ ಸೋಫಿಯಾ ದೇವಾಲಯ ಇದೆ. ಜನವರಿ 6ಕ್ಕೆ ಅವರಿಗೆ ಯೇಸುವಿನ ಜ್ಞಾನಸ್ನಾನದ ಹಬ್ಬ, ನಮ್ಮಲ್ಲಿ ಅವತ್ತು ಬಾಲಯೇಸುವನ್ನ ನೋಡೋಕೆ ಬಂದ ಮೂರು ರಾಯರ ಹಬ್ಬ. ಅವರ ಚಿತ್ರ ಪಿಯೆರೊನ ಚಿತ್ರದಷ್ಟು ಶಾಂತ ಅಲ್ಲ. ಎರಡು ಬಂಡೆ ನಡುವೆ ಕಪ್ಪಗೆ ಸಮಾಧಿ ಥರ ಬಾಯ್ಬಿಟ್ಟ ನೀರು, ಅದರೊಳಗೆ ಯೇಸು. ಮೇಲಿಂದ ಬೆಳಕಿನ ಕೋಲು ಇಳೀತಾ ಇದೆ. ಒಂದು ದಡದಲ್ಲಿ ಅರುಳಪ್ಪನವರು, ಎಷ್ಟೋ ಚಿತ್ರಗಳಲ್ಲಿ ಅವರ ಹತ್ರ ಒಂದು ಗಿಡದ ಬುಡಕ್ಕೆ ಕೊಡಲಿ ಇಟ್ಟಿರುತ್ತೆ, ಫಲ ಕೊಡದ ಮರದ ಬುಡಕ್ಕೆ ಕೊಡಲಿ ಬಿದ್ದಿದೆ ಅಂತ ಅವರೇ ಗದರಿಸಿದ್ದು. ಇನ್ನೊಂದು ದಡದಲ್ಲಿ ದೇವದೂತರು, ಕೈ ಕಾಣದ ಹಾಗೆ ಬಟ್ಟೆ ಮುಚ್ಚಿಕೊಂಡಿದ್ದಾರೆ, ಪೂಜ್ಯವಾದದ್ದನ್ನ ಬರೀ ಕೈಲಿ ಮುಟ್ಟಬಾರದು ಅನ್ನೋ ಮರ್ಯಾದೆ. ನೀರಲ್ಲಿ ಕಾಲ ಹತ್ರ ಪುಟ್ಟ ಪುಟ್ಟ ಆಕಾರಗಳು, ಒಬ್ಬ ಮುದುಕ ಜೋರ್ಡಾನ್ ನದಿ, ಇನ್ನೊಂದು ಸಮುದ್ರ, ಎರಡೂ ಹೆದರಿ ಓಡ್ತಿವೆ, ಕೀರ್ತನೆ 114ರಲ್ಲಿ ಸಮುದ್ರ ಕಂಡು ಓಡಿತು, ಜೋರ್ಡಾನ್ ಹಿಂದಕ್ಕೆ ತಿರುಗಿತು ಅಂತ ಇರೋದು ಇದಕ್ಕೇ. ನದಿಗೆ ಮನುಷ್ಯರ ರೂಪ ಕೊಡೋದು ನಮಗೆ ಹೇಳಿಕೊಡಬೇಕಾ, ಕಾವೇರಿ ತೀರದೋರಿಗೆ!

ಅವರು ಈ ಚಿತ್ರಾನ ನೋಡ್ತಾರೆ, ಬಗ್ಗಿ ಮುತ್ತೂ ಕೊಡ್ತಾರೆ, ಆಮೇಲೆ ಅದೇ ಹಬ್ಬದಲ್ಲಿ ನೀರು ಮಂತ್ರಿಸ್ತಾರೆ, ಆ ತೀರ್ಥಾನ ಕುಡೀತಾರೆ, ಬಾಟಲಿಯಲ್ಲಿ ತುಂಬಿಸ್ಕೊಂಡು ಮನೆಗೂ ಒಯ್ತಾರೆ. ಮಾರ್ಗೇಟ್ ಅನ್ನೋ ಸಮುದ್ರ ತೀರದ ಊರಲ್ಲಿ ಜನವರಿಯ ಕೊರೆಯೋ ಚಳಿಯಲ್ಲಿ ಶಿಲುಬೆ ಸಮುದ್ರಕ್ಕೆ ಎಸೆದು ಅದನ್ನ ತರೋಕೆ ನೀರಿಗೆ ಧುಮುಕ್ತಾರೆ. ಕಣ್ಣು, ಬಾಯಿ, ಮೈ ಎಲ್ಲಕ್ಕೂ ಕೆಲಸ. ನನಗೆ ಇದೇ ಸರಿಯಾದ ದಾರಿ ಅನ್ಸೋದು, ಮತ್ತೆ ನಮ್ಮೂರಿಗೆ ಇದು ಇಂಗ್ಲಿಷರ ಮೌನಕ್ಕಿಂತ ಹತ್ತಿರದ್ದು.

ಇನ್ನೂ ಹಳೇದು ಬೇಕಂದ್ರೆ ಇಟಲಿಯ ರವೆನ್ನಾಕ್ಕೆ ಹೋಗ್ಬೇಕು. ಅಲ್ಲಿ ಎರಡು ಹಳೇ ಜ್ಞಾನಸ್ನಾನದ ಮಂದಿರಗಳಿದಾವೆ, ಸುಮಾರು 1500 ವರ್ಷ ಹಿಂದಿನವು, ಎರಡರದ್ದೂ ಗುಮ್ಮಟದ ಒಳಗೆ ನಡುಮಧ್ಯ ಬಣ್ಣದ ಗಾಜಿನ ಚೂರು ಜೋಡಿಸಿ ಮಾಡಿದ ಇದೇ ಚಿತ್ರ. ಆರಿಯನ್ನರದ್ದು (ಆರ್ಯರಲ್ಲ, ಆರಿಯಸ್ ಅನ್ನೋ ಗುರುವಿನ ಪಂಥದ ಕ್ರೈಸ್ತರು) ಅಂತ ಕರೆಯೋ ಮಂದಿರದಲ್ಲಿ ಯೇಸುವಿಗೆ ಗಡ್ಡಾನೇ ಇಲ್ಲ, ಹದಿಹರೆಯದ ಹುಡುಗ, ಸೊಂಟದವರೆಗೆ ನೀರು, ನೀರೊಳಗಿನ ಮೈಯೂ ಕಾಣುತ್ತೆ, ಪಕ್ಕದಲ್ಲಿ ಜೋರ್ಡಾನ್ ಅನ್ನೋ ಬಿಳಿಗೂದಲ ಅಜ್ಜ, ತಲೆ ಮೇಲೆ ಏಡಿಯ ಕಾಲುಗಳಂಥ ಕೊಂಬು! ಇನ್ನೊಂದು ಮಂದಿರದಲ್ಲಿ ಯೇಸುವಿನ ಮುಖ 19ನೇ ಶತಮಾನದಲ್ಲಿ ರಿಪೇರಿ ಮಾಡಿದ್ದು, ಅದಕ್ಕೇ ನನಗೆ ಆ ಅಜ್ಜ ಇರೋದೇ ಇಷ್ಟ. ಆದ್ರೆ ನಾನು ಹೇಳೋಕೆ ಹೊರಟಿದ್ದು ಬೇರೆ. ಆ ಚಿತ್ರಾನ ಯಾಕೆ ಅಷ್ಟು ಎತ್ತರದಲ್ಲಿ, ಸೂರಿಗೆ ಹಾಕಿದ್ರು? ಕೆಳಗಡೆ ನೀರಲ್ಲಿ ನಿಂತು ಜ್ಞಾನಸ್ನಾನ ತಗೊಳ್ಳೋನ ತಲೆ ಮೇಲೆ ಬರಬೇಕು ಅಂತ. ಅವನಿಗೂ ಅದೇ ನೀರು, ಮೇಲೆ ಅದೇ ಪಾರಿವಾಳ. ಇದನ್ನ ದೂರ ನಿಂತು ನೋಡೋಕೆ ಮಾಡಿಲ್ಲ, ಒಳಗೆ ಬಂದು ನಿಂತ್ಕೊಳ್ಳೋಕೆ ಮಾಡಿದ್ದು. ಈಗ ನಾವೆಲ್ಲಾ ಒಣ ನೆಲದಲ್ಲಿ ಕತ್ತೆತ್ತಿ ಮೊಬೈಲ್ ಹಿಡ್ಕೊಂಡು ನಿಲ್ತೀವಿ ಅನ್ನಿ.

ಲೂಕನ ಶುಭಸಂದೇಶದ 3ನೇ ಅಧ್ಯಾಯದಲ್ಲಿ ಬೇರೆಯವರು ಹೇಳದ ಒಂದು ವಿಷಯ ಇದೆ. ಯೇಸು ಸ್ನಾನ ಮುಗಿಸಿ ಪ್ರಾರ್ಥನೆ ಮಾಡ್ತಾ ಇದ್ದಾಗ ಆಕಾಶ ತೆರೆಯಿತು ಅಂತ. ಅಂದ್ರೆ ಆ ಚಿತ್ರದಲ್ಲಿ ಇರೋರೇ ಪ್ರಾರ್ಥನೆ ಮಾಡ್ತಾ ಇದ್ದಾರೆ, ನಾವು ಹೋಗಿ ಪಕ್ಕದಲ್ಲಿ ನಿಂತ್ಕೊಂಡ್ರೆ ಸಾಕು. ಆಗ ಮೇಲಿಂದ ಬಂದ ಮಾತು, ನೀನು ನನ್ನ ಪ್ರೀತಿಯ ಮಗ, ನಿನ್ನನ್ನ ಮೆಚ್ಚಿದ್ದೀನಿ. ಆ ಹೊತ್ತಿಗೆ ಯೇಸು ಇನ್ನೂ ಒಂದು ಬೋಧನೆ ಮಾಡಿರಲಿಲ್ಲ, ಒಂದು ಅದ್ಭುತ ಮಾಡಿರಲಿಲ್ಲ. ಮಾರ್ಕ್ಸ್ ಕಾರ್ಡ್ ನೋಡಿದ ಮೇಲೇನೇ ಮಕ್ಕಳ ಬೆನ್ನು ತಟ್ಟೋ ನಮ್ಮಂಥೋರ ಮನೆಗೆ ಈ ಪಟ ಬೇಕೇ ಬೇಕು ಅಂತ ನಾನು ಹಟ ಹಿಡಿಯೋದು ಇದಕ್ಕೇ.

ಯಾವ ಥರದ ಪಟ ಅನ್ನೋದು ಮುಂದಿನ ಪ್ರಶ್ನೆ. ಪಿಯೆರೊನ ಪ್ರಿಂಟ್ ತಂದು ಹಾಕಿದ್ರೆ ಆಯ್ತಲ್ಲ ಅಂದ್ರೆ, ಬೇಡ ಅಂತೀನಿ ನಾನು. ಆ ಮನುಷ್ಯ ಜೋರ್ಡಾನನ್ನ ನೋಡಿದ್ದ ಅಂದ್ಕೊಂಡಿದ್ದೀರಾ, ಅವನ ಚಿತ್ರದಲ್ಲಿ ಹಿಂದುಗಡೆ ಕಾಣೋ ಊರು ಅವನ ಹುಟ್ಟೂರು ಸಾನ್ಸೆಪೊಲ್ಕ್ರೊ, ಗುಡ್ಡಗಳೂ ಅಲ್ಲಿಯವೇ. ತನ್ನ ಊರ ಹೊರಗೇ ಯೇಸುವಿಗೆ ಸ್ನಾನ ಮಾಡಿಸಿದ. ಹಾಗಿದ್ಮೇಲೆ ನಮ್ಮ ಯೇಸು ಅರ್ಕಾವತಿ ಕಾವೇರಿ ಸೇರೋ ಸಂಗಮದ ಹತ್ರ ಬಂಡೆ ಮಧ್ಯೆ, ಹರಿಗೋಲು ನಿಂತಿರೋ ಕಡೆ, ಮೊಣಕಾಲುದ್ದ ಕಾವೇರಿ ನೀರಲ್ಲಿ ನಿಂತ್ರೆ ಏನು ತಪ್ಪು? ಬೆಂಗಳೂರಿನ ಹತ್ರ ಸಿಲ್ವೆಪುರದಲ್ಲಿ ಜ್ಯೋತಿ ಸಾಹಿ ಅನ್ನೋ ಕಲಾವಿದರು ಎಷ್ಟೋ ವರ್ಷಗಳಿಂದ ಕ್ರೈಸ್ತ ಕಥೆಗಳನ್ನ ನಮ್ಮ ನೆಲದ ರೂಪದಲ್ಲಿ ಬರ್ಕೊಂಡು ಬಂದಿದ್ದಾರೆ, ಅಂದ್ರೆ ದಾರಿ ಆಗಲೇ ಇದೆ, ನಮ್ಮ ಗುಡಿಗಳವರು ಆ ಕಡೆ ಹೋಗ್ತಿಲ್ಲ ಅಷ್ಟೇ, ಶಿವಾಜಿನಗರದಲ್ಲಿ ಮಾತೆಗೆ ಸೀರೆ ಉಡಿಸೋಕೆ ಬರುತ್ತೆ, ಯೇಸುವಿಗೆ ಮಾತ್ರ ಇಟಲಿ ಬಿಟ್ಟು ಬೇರೆ ಊರು ಬೇಡವಾ?

ಹೋದ ಸಲ ಊರಿಗೆ ಹೋದಾಗ ನಮ್ಮ ಗುಡಿಯ ತೊಟ್ಟಿ ಮೇಲಿನ ಗೋಡೆ ಖಾಲಿ ಇರೋದು ನೋಡಿ ಫಾದರ್ ಹತ್ರ ಮಾತೆತ್ತಿದೆ. ಖುಷಿಯಾಗೇ ಕೇಳಿಸ್ಕೊಂಡ್ರು, ಆಮೇಲೆ ಒಂದು ಫ್ಲೆಕ್ಸ್ ಪ್ರಿಂಟ್ ಹಾಕಿಸಿಬಿಡೋಣಪ್ಪಾ, ಅಗ್ಗ ಆಗುತ್ತೆ, ದಾನಿಗಳ ಹೆಸರೂ ಕೆಳಗಡೆ ಬರುತ್ತೆ ಅಂದ್ರು. ಅವ್ವನನ್ನ ಕೇಳಿದ್ರೆ ಅವಳ ಚಿಂತೆ ಬೇರೆ, ಅಷ್ಟು ಮೇಲೆ ಹಾಕಿದ್ರೆ ಮುಟ್ಟೋದು ಹೆಂಗ್ಲಾ ಅಂದ್ಲು. ಅವಳು ಹೇಳಿದ್ದೇ ಸರಿ ಅಂತ ತೊಟ್ಟಿ ಪಕ್ಕದಲ್ಲೇ ಕೈಗೆಟಕೋ ಎತ್ತರಕ್ಕೆ, ಗೋಡೆ ಮೇಲೇ ಬಣ್ಣದಲ್ಲಿ ಬರೆಸೋಣ ಅಂತ ಫಾದರ್‌ಗೆ ಮೆಸೇಜ್ ಹಾಕಿದ್ದೀನಿ, ಖರ್ಚಲ್ಲಿ ನನ್ನ ಪಾಲು ಕೊಡ್ತೀನಿ, ದಾನಿಗಳ ಹೆಸರು ಮಾತ್ರ ಬೇಡ. ಕನಕಪುರ, ರಾಮನಗರದ ಕಡೆ ಗೋಡೆ ಚಿತ್ರ ಬರೆಯೋರು, ನೀರನ್ನ ನೀರಿನ ಹಾಗೆ ಬರೆಯೋಕೆ ಬರೋರು ಯಾರಾದ್ರೂ ಗೊತ್ತಿದ್ರೆ ಹೇಳಿ.