ಟೆಕ್ ಮೀಟಪ್‌ಗೆ ನಮ್ಮಂಥವರು ಹೋಗಬಹುದಾ?

ಮೂರು ದಿನದಿಂದ ಒಂದು ಫಾರ್ಮ್ ಅರ್ಧ ತುಂಬಿ ಹಾಗೇ ಇಟ್ಟಿದ್ದೇನೆ. ಹೆಸರು, ಇಮೇಲ್ ಬರೆದಾಯಿತು. ಅದರ ಕೆಳಗೆ 'ಪೈಥಾನ್‌ನಲ್ಲಿ ನಿಮ್ಮ ಅನುಭವ' ಅಂತ ಒಂದು ಖಾಲಿ ಜಾಗ ಇದೆ. ಅಲ್ಲಿಗೆ ಬಂದಾಗಲೆಲ್ಲ ಕೈ ನಿಲ್ಲುತ್ತದೆ.

ಇದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಳಸುವವರು ತಿಂಗಳಿಗೊಮ್ಮೆ ಸೇರುವ ಮೀಟಪ್. ಈ ಸಲ, ಬೇರೆ ಬೇರೆ ಎಕ್ಸೆಲ್ ಫೈಲ್‌ಗಳನ್ನು ಪ್ರೋಗ್ರಾಂ ಬರೆದು ಒಂದುಗೂಡಿಸುವುದು ಹೇಗೆ ಅಂತ ಒಬ್ಬರು ಮಾತಾಡುತ್ತಾರಂತೆ. ಗೆಳತಿಯೊಬ್ಬಳು ಲಿಂಕ್ ಕಳಿಸಿ, "ಇದು ನಿನಗೇ ಇಟ್ಟ ಹಾಗಿದೆ, ಬಾ" ಅಂದಳು. ನಾನು ಪ್ರೋಗ್ರಾಮರ್ ಅಲ್ಲ. 15 ವರ್ಷದಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ತಿಂಗಳ ಕೊನೆ ಬಂತು ಅಂದರೆ 12 ಶಾಖೆಗಳಿಂದ 12 ಶೀಟ್ ಬರುತ್ತವೆ. ಒಂದೊಂದನ್ನೇ ತೆರೆದು, ಕಾಪಿ ಮಾಡಿ, ಒಂದೇ ಶೀಟಿಗೆ ತರಬೇಕು. ಎರಡು ದಿನ ಪೂರ್ತಿ ಅದಕ್ಕೇ ಹೋಗುತ್ತದೆ.

ಗೆಳತಿ ಹೇಳಿದ್ದು ಸರಿಯೇ. ಆದರೂ ನನಗೆ ಹಳೆಯದೊಂದು ನೆನಪಾಯಿತು.

ಮೂರು ವರ್ಷದ ಹಿಂದೆ ಇಂಥದ್ದೇ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಮಾತಿನ ನಡುವೆ 'ಕಂಟೇನರ್' ಅನ್ನುವ ಪದ ಮತ್ತೆ ಮತ್ತೆ ಬರುತ್ತಿತ್ತು. ಹಾಗಂದರೇನು ಅಂತ ಪಕ್ಕದವರನ್ನು ಮೆಲ್ಲಗೆ ಕೇಳಿದೆ. ಅವರು ಹುಬ್ಬೇರಿಸಿ, "ಏನ್ರೀ, ಡಾಕರ್ ಗೊತ್ತಿಲ್ವಾ?" ಅಂದರು. ಅಷ್ಟೇ. ಆಮೇಲೆ ವಿವರಿಸಿದರು ಕೂಡ, ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಸೇರಿಸಿ ಕಟ್ಟಿಟ್ಟ ಪೊಟ್ಟಣವೇ ಕಂಟೇನರ್, ಅದನ್ನು ಮಾಡುವ ಸಾಧನ ಡಾಕರ್ ಅಂತ. ಆದರೆ ಆ ಒಂದು ಪ್ರಶ್ನೆಯ ನಂತರ ನನಗೆ ಏನೂ ಕೇಳಿಸಲಿಲ್ಲ. ಬಿಡುವಿನಲ್ಲಿ ಎದ್ದು ಬಂದುಬಿಟ್ಟೆ. ಅವತ್ತಿಂದ ಯಾರು ಕರೆದರೂ 'ಅದೆಲ್ಲ ನಮಗಲ್ಲ' ಅನ್ನುತ್ತಾ ಬಂದಿದ್ದೇನೆ.

ನ್ಯೂಯಾರ್ಕ್‌ನಲ್ಲಿ ರಿಕರ್ಸ್ ಸೆಂಟರ್ ಅಂತ ಪ್ರೋಗ್ರಾಮರ್‌ಗಳು ಒಟ್ಟಿಗೆ ಕೂತು ಕಲಿಯುವ ಒಂದು ಜಾಗ ಇದೆ. ಅಲ್ಲಿ ಕೆಲವೇ ನಿಯಮಗಳು. ಅದರಲ್ಲೊಂದು, ಇನ್ನೊಬ್ಬರಿಗೆ ಏನಾದರೂ ಗೊತ್ತಿಲ್ಲ ಅಂದಾಗ ಆಶ್ಚರ್ಯ ತೋರಿಸಬಾರದು. 'ಅಯ್ಯೋ, ಇದೂ ಗೊತ್ತಿಲ್ವಾ' ಅನ್ನುವುದರಿಂದ ಕೇಳಿದವರು ಕುಗ್ಗುತ್ತಾರೆ, ಹೇಳಿದವರಿಗೂ ಏನೂ ಸಿಗುವುದಿಲ್ಲ ಅಂತ. ಇದನ್ನು ಓದಿದಾಗ ನನಗೆ ಎಷ್ಟೋ ಸಮಾಧಾನವಾಯಿತು. ಅಂದರೆ ಇದು ನನ್ನೊಬ್ಬರ ತೊಂದರೆಯಲ್ಲ. ನುರಿತವರಿಗೂ ಇದು ತಟ್ಟಿದೆ, ಅದಕ್ಕೇ ನಿಯಮ ಮಾಡಿಕೊಂಡಿದ್ದಾರೆ ಅಲ್ವಾ?

ಇಷ್ಟಕ್ಕೂ ಅವತ್ತು ನನ್ನದೂ ಒಂದು ತಪ್ಪಿತ್ತು. ನಾನು ಸುಮ್ನೆ ಹೋಗಿದ್ದೆ. 'ಟೆಕ್ನಾಲಜಿ ಬಗ್ಗೆ ಸ್ವಲ್ಪ ತಿಳ್ಕೊಳೋಣ' ಅಂತ. ಕೈಯಲ್ಲಿ ನನ್ನದು ಅನ್ನುವ ಒಂದು ಪ್ರಶ್ನೆಯೂ ಇರಲಿಲ್ಲ. ಹಾಗೆ ಹೋದರೆ ಕಿವಿಗೆ ಬಿದ್ದ ಹೊಸ ಪದವೆಲ್ಲ ಒಂದೊಂದು ಗೋಡೆ ಆಗುತ್ತದೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಗೊತ್ತಾಗುವುದಿಲ್ಲ.

ಈ ಮೂರು ದಿನ ನಾನು ಯೋಚಿಸಿದ್ದೆಲ್ಲ ಇದರ ಸುತ್ತಲೇ. 'ನನಗೆ ಸಾಕಷ್ಟು ಗೊತ್ತಿದೆಯಾ' ಅಂತ ಕೇಳಿಕೊಂಡರೆ ಉತ್ತರ ಯಾವತ್ತೂ ಇಲ್ಲ ಅಂತಲೇ ಬರುತ್ತದೆ. ಎಷ್ಟು ಓದಿದರೂ ಅದೇ ಉತ್ತರ. ಅದರ ಬದಲು 'ನನ್ನ ಹತ್ತಿರ ಬಿಡಿಸಬೇಕಾದ ಗಂಟು ಒಂದಿದೆಯಾ' ಅಂತ ಕೇಳಿಕೊಳ್ಳಬೇಕು. ಇದ್ದರೆ ಹೋಗಬೇಕು. ಇಲ್ಲದಿದ್ದರೆ ಇನ್ನೊಮ್ಮೆ ಹೋದರಾಯಿತು.

ಗೆಳತಿಗೆ ಇದನ್ನು ಹೇಳಿದಾಗ ಅವಳು ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಅನ್ನುವ ಕಂಪ್ಯೂಟರ್ ಹವ್ಯಾಸಿಗಳ ಕೂಟದ ಮೊದಲ ಸಭೆಯ ಕಥೆ ನೆನಪಿಸಿದಳು. 1975ರ ಮಾರ್ಚ್ 5. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿ ಗಾರ್ಡನ್ ಫ್ರೆಂಚ್ ಅನ್ನುವವರ ಗ್ಯಾರೇಜಿನಲ್ಲಿ ಮೂವತ್ತು ಚಿಲ್ಲರೆ ಜನ ಸೇರಿದ್ದರು. ಮುಂದೆ ಆಪಲ್ ಕಂಪನಿ ಕಟ್ಟಿದವರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಕೂಡ ಅಲ್ಲಿದ್ದರು. ಟಿವಿ ಟರ್ಮಿನಲ್, ಅಂದರೆ ಟಿವಿಯನ್ನೇ ಕಂಪ್ಯೂಟರ್ ಪರದೆ ಮಾಡಿಕೊಳ್ಳುವ ಸಾಧನ, ಮಾಡುವವರು ಸೇರುತ್ತಾರೆ ಅಂತ ಸ್ನೇಹಿತ ಹೇಳಿದ್ದಕ್ಕೆ ಬಂದಿದ್ದರು. ಬಂದು ನೋಡಿದರೆ ಎಲ್ಲರ ಬಾಯಲ್ಲೂ ಕಂಪ್ಯೂಟರಿನ ಮೆದುಳಿನಂಥ ಚಿಪ್ ಆದ ಮೈಕ್ರೋಪ್ರೊಸೆಸರ್, ಆಲ್ಟೇರ್ ಅನ್ನುವ ಹೊಸ ಕಂಪ್ಯೂಟರ್ ಕಿಟ್. ಅದರ ಬಗ್ಗೆ ತನಗೆ ಏನೂ ಗೊತ್ತಿಲ್ಲ ಅಂತ ಅವರಿಗೆ ಇರುಸುಮುರುಸಾಯಿತು. ಆದರೆ ಹೊರಡುವಾಗ ಒಂದು ಮೈಕ್ರೋಪ್ರೊಸೆಸರ್‌ನ ವಿವರಗಳಿದ್ದ ಹಾಳೆ ತೆಗೆದುಕೊಂಡು ಹೋದರು. ಮನೆಯಲ್ಲಿ ಕೂತು ಓದಿದಾಗ, ಕಂಪ್ಯೂಟರನ್ನು ತಾನೇ ಮಾಡಬಹುದು ಅಂತ ಹೊಳೆಯಿತು. ಮರುವರ್ಷ ಅವರು ಮಾಡಿದ ಆಪಲ್ 1 ಕಂಪ್ಯೂಟರ್ ಬಂತು.

ನಾನು ವೋಜ್ನಿಯಾಕ್ ಅಲ್ಲ ಅಂತ ನನಗೆ ಗೊತ್ತು. ಅವರು ಆಗಲೇ ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಕ್ಯಾಲ್ಕ್ಯುಲೇಟರ್ ವಿನ್ಯಾಸ ಮಾಡುತ್ತಿದ್ದ ಎಂಜಿನಿಯರ್. ಆ ಹಾಳೆ ನನ್ನ ಕೈಗೆ ಸಿಕ್ಕಿದ್ದರೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಆದರೆ ಅವರಿಗೂ ಆ ಗ್ಯಾರೇಜಿನಲ್ಲಿ ಎದ್ದು ಹೋಗೋಣ ಅನ್ನಿಸಿರಬಹುದಾದ ಹೊತ್ತೊಂದಿತ್ತಲ್ಲ, ನನಗೆ ಹತ್ತಿರ ಅನ್ನಿಸಿದ್ದು ಅದು. ಅಲ್ಲಿ ಕೇಳಿದ್ದೆಲ್ಲ ಅಲ್ಲೇ ಅರ್ಥವಾಗಬೇಕಿಲ್ಲ. ಒಂದು ಹಾಳೆ ಮನೆಗೆ ತಂದರೂ ಸಾಕು.

ಇನ್ನೊಂದು ಮಾತು. ನಮ್ಮಂಥವರು ಹೋದರೆ ಅಲ್ಲಿರುವವರ ಸಮಯ ಹಾಳು ಅಂತ ನಾವು ಅಂದುಕೊಳ್ಳುತ್ತೇವೆ. ಇದು ನಿಜವಲ್ಲ ಅಂತ ಈಗ ನನಗೆ ಅನ್ನಿಸುತ್ತಿದೆ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವ ಸಂಶೋಧಕಿ ಒಂದು ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡೊಂದನ್ನು ಮನಸ್ಸಿನಲ್ಲೇ ಹಾಡಿಕೊಂಡು ಅದರ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು. ಕೇಳುವವರು ಯಾವ ಹಾಡು ಅಂತ ಹೇಳಬೇಕು. ಅರ್ಧದಷ್ಟು ಹಾಡುಗಳನ್ನಾದರೂ ಗುರುತಿಸುತ್ತಾರೆ ಅಂತ ತಟ್ಟುವವರು ನಂಬಿದ್ದರು. ತಟ್ಟಿದ 120 ಹಾಡುಗಳಲ್ಲಿ ಕೇಳುಗರು ಗುರುತಿಸಿದ್ದು ಬರೀ 3! ತಟ್ಟುವವರ ತಲೆಯೊಳಗೆ ಪೂರ್ತಿ ಹಾಡು ಓಡುತ್ತಿರುತ್ತದೆ. ಕೇಳುವವರಿಗೆ ಬರೀ ಟಕ್ ಟಕ್.

ಗೊತ್ತಿದ್ದವರು ಮಾತಾಡುವಾಗಲೂ ಹೀಗೇ ಆಗುತ್ತದೆ. ಕೇಳುವವರಿಗೆ ಎಲ್ಲಿ ದಾರಿ ತಪ್ಪಿತು ಅಂತ ಅವರಿಗೆ ಕಾಣುವುದಿಲ್ಲ. ಅದನ್ನು ತೋರಿಸಲು ಟಕ್ ಟಕ್ ಮಾತ್ರ ಕೇಳಿಸಿದ ಒಬ್ಬರು ಬೇಕು. 'ಇಲ್ಲಿ ನನಗೆ ಅರ್ಥವಾಗಲಿಲ್ಲ' ಅಂತ ಒಬ್ಬರು ಎದ್ದು ಹೇಳಿದರೆ ಮಾತಾಡುವವರಿಗೂ ಲಾಭ, ಹಿಂದೆ ಸುಮ್ಮನೆ ತಲೆಯಾಡಿಸುತ್ತಾ ಕೂತ ನಾಲ್ಕು ಜನಕ್ಕೂ ಲಾಭ.

ಹಾಗೆಯೇ ನಮಗೆ ಗೊತ್ತಿರುವುದು ಅವರಿಗೆ ಗೊತ್ತಿರುವುದಿಲ್ಲ. 12 ಶೀಟ್ ಸೇರಿಸುವ ಪ್ರೋಗ್ರಾಂ ಅವರು ಹತ್ತು ನಿಮಿಷದಲ್ಲಿ ಬರೆಯಬಹುದು. ಆದರೆ 3/4 ಅಂತ ಬರೆದದ್ದು ಒಂದು ಶಾಖೆಯಲ್ಲಿ ಏಪ್ರಿಲ್ 3, ಇನ್ನೊಂದರಲ್ಲಿ ಮಾರ್ಚ್ 4 ಅನ್ನುವುದು ನನಗೆ ಗೊತ್ತು. ಒಬ್ಬರು ಹೆಸರಿನ ಕೊನೆಯಲ್ಲಿ ಯಾವಾಗಲೂ ಒಂದು ಸ್ಪೇಸ್ ಬಿಡುತ್ತಾರೆ, ಅದರಿಂದ ಒಂದೇ ಗ್ರಾಹಕರು ಎರಡು ಸಲ ಕಾಣುತ್ತಾರೆ ಅನ್ನುವುದೂ ಗೊತ್ತು. ಇವು ಸಣ್ಣ ವಿಷಯಗಳಲ್ಲ. ವಂಶವಾಹಿಗಳ ಮೇಲೆ ಕೆಲಸ ಮಾಡುವ ವಿಜ್ಞಾನಿಗಳಿಗೇ ಇದು ವರ್ಷಗಟ್ಟಲೆ ಕಾಡಿತು. ಮಾರ್ಚ್1, ಸೆಪ್ಟ್1 ಅನ್ನುವಂಥ ವಂಶವಾಹಿ ಹೆಸರುಗಳನ್ನು ಎಕ್ಸೆಲ್ ತಾನಾಗಿ ದಿನಾಂಕ ಮಾಡಿಬಿಡುತ್ತಿತ್ತು. ಕೊನೆಗೆ 2020ರಲ್ಲಿ ಆ ಹೆಸರುಗಳನ್ನಿಡುವ ಸಮಿತಿ, ಇಂಥ ಹೆಸರುಗಳನ್ನೇ ಬದಲಾಯಿಸುವ ಹೊಸ ನಿಯಮಗಳನ್ನು ಪ್ರಕಟಿಸಿತು. ದಿನಾಲೂ ಶೀಟ್ ಮುಂದೆ ಕೂರುವವರಿಗೇ ಇಂಥ ಕಷ್ಟ ಮೊದಲು ಕಾಣುವುದು.

ಹಾಗಂತ ಕರೆದಲ್ಲಿಗೆಲ್ಲ ಹೋಗಬೇಕು ಅಂತ ನಾನು ಹೇಳುವುದಿಲ್ಲ. ಆಹ್ವಾನವನ್ನು ಪೂರ್ತಿ ಓದಬೇಕು. ಲ್ಯಾಪ್‌ಟಾಪ್ ತಂದು ಅಲ್ಲೇ ಕೋಡ್ ಬರೆಯುವ ಕಾರ್ಯಾಗಾರ, ಮೊದಲೇ ಇಷ್ಟು ಗೊತ್ತಿರಬೇಕು ಅಂತ ಬರೆದಿದ್ದಾರೆ, ಸೀಟು ಕಡಿಮೆ. ಇಂಥದ್ದಕ್ಕೆ ಸಿದ್ಧತೆ ಇಲ್ಲದೆ ಹೋಗುವುದು ತಪ್ಪು. ಆ ಜಾಗ ತಯಾರಾಗಿ ಬರುವ ಇನ್ನೊಬ್ಬರದು. ಒಂದೆರಡು ಭಾಷಣ, ಆಮೇಲೆ ಪ್ರಶ್ನೋತ್ತರ ಅಂದರೆ ಧೈರ್ಯವಾಗಿ ಹೋಗಬಹುದು. ಹಿಂದಿನ ತಿಂಗಳ ವಿಡಿಯೋ ಹಾಕಿದ್ದರೆ ಭಾಷಣ ಬಿಟ್ಟು ಕೊನೆಯ ಪ್ರಶ್ನೋತ್ತರ ನೋಡಿ. ಸರಳವಾದ ಪ್ರಶ್ನೆ ಬಂದಾಗ ಉತ್ತರಿಸುವವರ ಧ್ವನಿ ಹೇಗಿರುತ್ತದೆ? ನಾನು ಈ ಮೀಟಪ್‌ನ ವಿಡಿಯೋ ನೋಡಿದೆ. ಒಬ್ಬರು ತೀರಾ ಮೊದಲ ಹಂತದ ಪ್ರಶ್ನೆ ಕೇಳಿದಾಗ ಮಾತಾಡುತ್ತಿದ್ದವರು ಹಿಂದಿನ ಸ್ಲೈಡಿಗೆ ಹೋಗಿ ಮತ್ತೆ ಹೇಳಿದರು. ನನ್ನ ಅರ್ಧ ಭಯ ಅಲ್ಲೇ ಹೋಯಿತು.

ಹೋಗುತ್ತೇನೆ ಅಂತ ಹೆಸರು ಕೊಟ್ಟ ಮೇಲೆ ಹೋಗಬೇಕು, ಆಗದಿದ್ದರೆ ತಿಳಿಸಬೇಕು. ಉಚಿತ ಕಾರ್ಯಕ್ರಮ ತಾನೇ ಅಂತ ಎಷ್ಟೋ ಜನ ಹೆಸರು ಕೊಟ್ಟು ಬರುವುದೇ ಇಲ್ಲ. ನಡೆಸುವವರು ಕುರ್ಚಿ ಎಣಿಸಿರುತ್ತಾರೆ.

ಆಫೀಸಿನ ನಿಜವಾದ ಫೈಲ್ ಮಾತ್ರ ಒಯ್ಯಬೇಡಿ. ಉತ್ಸಾಹದಲ್ಲಿ ಪೆನ್ ಡ್ರೈವ್‌ಗೆ ಹಾಕಿಕೊಂಡು ಹೋಗಿಬಿಡುತ್ತೇವೆ. ಅದರಲ್ಲಿ ಗ್ರಾಹಕರ ಹೆಸರು, ಬಾಕಿ ಎಲ್ಲ ಇರುತ್ತದೆ. ಅದನ್ನು ಹೊರಗಿನವರಿಗೆ ತೋರಿಸುವ ಹಕ್ಕು ನಮಗಿಲ್ಲ. ಸುಳ್ಳು ಹೆಸರು, ಸುಳ್ಳು ಮೊತ್ತ ಹಾಕಿ ಇಪ್ಪತ್ತು ಸಾಲಿನ ಶೀಟ್ ಮಾಡಿಕೊಂಡರೆ ಸಾಕು. ತಪ್ಪುಗಳು ಮಾತ್ರ ನಿಜವಾದ ಶೀಟಿನಲ್ಲಿ ಇರುವಂಥವೇ ಇರಬೇಕು.

ಹೋದ ಮೇಲೂ ಒಳಗೊಳಗೇ ಭಯ ಇದ್ದೇ ಇರುತ್ತದೆ. ಗುಂಪು ಗುಂಪಾಗಿ ನಿಂತು ಮಾತಾಡುತ್ತಿರುತ್ತಾರೆ, ನಾವು ಗೋಡೆ ಪಕ್ಕ. ಎರಿಕ್ ಹೋಲ್ಶರ್ ಅನ್ನುವ ಪ್ರೋಗ್ರಾಮರ್ ಇದಕ್ಕೆ 'ಪ್ಯಾಕ್-ಮ್ಯಾನ್ ನಿಯಮ' ಅಂತ ಹೇಳಿದ್ದಾರೆ. ಆ ಹೆಸರಿನ ಹಳೆಯ ವಿಡಿಯೋ ಗೇಮ್‌ನಲ್ಲಿ ದುಂಡಗಿನ ಪ್ಯಾಕ್-ಮ್ಯಾನ್ ಬಾಯಿ ತೆರೆದಿರುತ್ತಾನಲ್ಲ, ಹಾಗೆ ಗುಂಪಾಗಿ ನಿಂತಾಗ ಇನ್ನೊಬ್ಬರು ಸೇರಲು ಜಾಗ ಬಿಡಬೇಕು. ಅಲ್ಲಿ ನುರಿತವರಾಗಿ ಹೋಗುವ ಸ್ನೇಹಿತರಲ್ಲಿ ನನ್ನದು ಇದೊಂದೇ ಕೋರಿಕೆ. ದಯವಿಟ್ಟು ಆ ಜಾಗ ಬಿಡಿ. ಗೋಡೆ ಪಕ್ಕ ನಿಂತವರಿಗೆ ನಾಲ್ಕು ಹೆಜ್ಜೆ ತುಂಬಾ ದೂರ.

ಇವತ್ತು ರಾತ್ರಿ ಫಾರ್ಮ್ ಮತ್ತೆ ತೆರೆದೆ. ಆ ಖಾಲಿ ಜಾಗದಲ್ಲಿ ಹೀಗೆ ಬರೆದೆ: "ಪೈಥಾನ್ ಗೊತ್ತಿಲ್ಲ. ಲೆಕ್ಕಪತ್ರದ ಕೆಲಸ 15 ವರ್ಷದಿಂದ ಮಾಡುತ್ತಿದ್ದೇನೆ. ತಿಂಗಳಿಗೆ 12 ಶೀಟ್ ಸೇರಿಸಬೇಕು, ದಿನಾಂಕ ಮೂರು ಥರ ಇರುತ್ತದೆ. ಅದರ ಬಗ್ಗೆ ಕೇಳಬೇಕು." ಕಳಿಸಿಬಿಟ್ಟೆ. ಇನ್ನು ಶನಿವಾರದೊಳಗೆ ಆ ಇಪ್ಪತ್ತು ಸಾಲಿನ ಶೀಟ್ ಮಾಡಿಕೊಳ್ಳಬೇಕು.